ಒಂದು ನಿದ್ದೆಯೂ ಆಗದ ದಾರಿ

ನಮ್ಮಮ್ಮನ ಹೆಸರು ನೀವೀ. ಅವಳಿಗೆ ಮೈಲಿ, ಕಿಲೋಮೀಟರ್ ಎಲ್ಲ ಲೆಕ್ಕಕ್ಕೇ ಇಲ್ಲ. ದಾರಿಯನ್ನು ಅವಳು ಅಳೆಯುತ್ತಿದ್ದದ್ದು ನಿದ್ದೆಗಳಲ್ಲಿ, ನಡುವೆ ಎಷ್ಟು ರಾತ್ರಿ ಮಲಗಿದರೆ ಅಷ್ಟು ನಿದ್ದೆ. ಹುಟ್ಟಿದ್ದು ಉತ್ತರ ಧ್ರುವದ ಕಡೆಯ ಹಿಮದ ಮನೆಯಲ್ಲಿ, ಬೆಳೆದದ್ದು ನಾಯಿಬಂಡಿಯ ಪಕ್ಕ ಓಡುತ್ತ. ಮದುವೆಯಾಗಿ ಅಪ್ಪ ಲೂಕಾಸಿಯ ಜೊತೆ ಪಾಂಗ್ನಿರ್ಟುಂಗಿನಿಂದ ಈಗ ನಾವಿರುವ ಫ್ರೋಬಿಷರ್ ಬೇ ಊರಿಗೆ ಬರುವಾಗ ಒಂಬತ್ತು ನಿದ್ದೆ ಆಯಿತಂತೆ. ಸೀಲ್ ಪ್ರಾಣಿಯ ಚರ್ಮ ಅಗಿದು ಹದಮಾಡಿ, ಬೂಟು ಹೊಲಿದು ಹೊಲಿದು ಹಲ್ಲೆಲ್ಲ ಸವೆದಿದ್ದವು. ನಾಲಿಗೆ ಮಾತ್ರ ಒಂಚೂರೂ ಸವೆದಿರಲಿಲ್ಲ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ನನ್ನ ಮಗಳು ಉಲಾಯುವನ್ನು ಹೆರಿಗೆಗೆ ನಮ್ಮೂರ ಡಾಕ್ಟರು ಮಾಂಟ್ರಿಯಲ್ಲಿನ ದೊಡ್ಡಾಸ್ಪತ್ರೆಗೆ ಕಳಿಸಿದ್ದರು. ಗಂಡು ಮಗು. ಮೊಲೆ ಹಿಡಿಯಲೊಲ್ಲದು, ಅಳುವುದೊಂದೇ, ದಿನದಿನಕ್ಕೆ ಸೊರಗುತ್ತಿದೆ ಅಂತ ಫೋನ್ ಬಂತು.

"ಹೆಸರು ಕೇಳ್ತಿದೆ ಕಣೇ ಅದು, ನಿಮ್ಮಪ್ಪನ ಹೆಸರು," ಅಂದಳು ಅಮ್ಮ. ನಮ್ಮಲ್ಲಿ ಸತ್ತವರ ಹೆಸರು ಮಗುವಿಗಿಟ್ಟರೆ ಅವರೇ ಬಂದ ಹಾಗೆ. ನಂಟೂ ಅವರದೇ, ಅವರನ್ನು ಏನೆಂದು ಕರೆಯುತ್ತಿದ್ದೆವೋ ಮಗುವನ್ನೂ ಹಾಗೇ ಕರೆಯುತ್ತೇವೆ.

"ಫೋನಲ್ಲೇ ಹೇಳಮ್ಮ."

"ನಿಮ್ಮಪ್ಪನ ಕಿವಿ ಮಂದ ಅನ್ನೋದು ಮರೆತ್ಯಾ? ನಾನೇ ಹೋಗ್ಬೇಕು."

ಅವಳು ವಿಮಾನ ಹತ್ತಿದ್ದು ಅದೇ ಮೊದಲು. ಕಿಟಕಿಗೆ ಹಣೆ ಒತ್ತಿ ಕೂತವಳು ಅಲ್ಲಾಡಲಿಲ್ಲ. ಹಿಮ ಮುಗಿದು ಕಾಡು ಶುರುವಾಯಿತು. ನಮ್ಮ ಕಡೆ ಮರ ಬೆಳೆಯುವುದಿಲ್ಲ; ನಿಂತ ಮರವನ್ನೇ ಕಂಡಿರದವಳು, "ನೆಲಕ್ಕೆ ತುಪ್ಪಳ ಬಂದಿದೆ ನೋಡೇ," ಅಂದಳು. ಎಷ್ಟೋ ಸಲ ಓಡಾಡಿದ್ದ ನಾನು ಅವತ್ತೇ ಮೊದಲು ಕೆಳಗೆ ನೋಡಿದ್ದು. ಎರಡು ಸಾವಿರ ಕಿಲೋಮೀಟರ್, ಮೂರೇ ಗಂಟೆ.

ಇಳಿದ ಮೇಲೆ ಎಲ್ಲರೂ ಎದ್ದರು, ಅಮ್ಮ ಏಳಲಿಲ್ಲ.

"ಏಳಮ್ಮ, ಮಾಂಟ್ರಿಯಲ್ ಬಂತು."

"ಒಂದು ನಿದ್ದೆನೂ ಆಗಿಲ್ವಲ್ಲೇ."

"ವಿಮಾನ ಅಮ್ಮ ಇದು. ಆಗ್ಬೇಕಾಗಿಲ್ಲ."

"ನಾವು ಬಂದ್ವಿ. ನಿಮ್ಮಪ್ಪ ಬಂದ್ನಾ? ನಾಯಿಬಂಡಿ ಕಟ್ಕೊಂಡು ಬರೋ ಗಂಡಸು, ಇನ್ನೂ ಆ ಹಿಮದಲ್ಲೇ ಇರ್ತಾನೆ. ಈಗ ಕರೆದ್ರೆ ಬರೀ ಹೆಸರು ಆಗತ್ತೆ, ಅವನಾಗಲ್ಲ. ಕಾಯೋಣ."

ನನಗೆ ರೇಗಿತು. "ಎಷ್ಟು ನಿದ್ದೆ ಕಾಯ್ತೀಯ, ಹೇಳು!"

ಅವಳು ಬೆರಳು ಮಡಿಸತೊಡಗಿದಳು. ಎರಡೂ ಕೈಯ ಬೆರಳು ಮುಗಿದವು. ಮತ್ತೆ ಮೊದಲಿಂದ ಮಡಿಸಿದಳು. ಆಮೇಲೆ ಕೈ ಮಡಿಲಲ್ಲಿಟ್ಟು, "ಮಗು ಅಷ್ಟು ತಡೆಯಲ್ಲ, ಅಲ್ವಾ?" ಅಂದಳು. ಆಗ ನನಗೂ ಆ ದೂರ ಕಂಡಿತು, ಅದರ ನಡುವೆ ಒಬ್ಬನೇ ಬರುತ್ತಿರುವ ಅಪ್ಪನೂ ಕಂಡ. ಸಿಟ್ಟೆಲ್ಲ ಇಳಿದುಹೋಯಿತು.

"ಕರೆದು ನೋಡಮ್ಮ," ಅಂದೆ. ಅವಳು ಎದ್ದಳು.

ಆಸ್ಪತ್ರೆಯಲ್ಲಿ ಉಲಾಯುವಿನ ಕೈಯಲ್ಲಿ ಅತ್ತೂ ಅತ್ತೂ ಮಗುವಿನ ದನಿ ಕೀರಲಾಗಿತ್ತು. ಅಮ್ಮ ಬಗ್ಗಿ, ಅದರ ಕಿವಿಗೆ ಬಾಯಿಟ್ಟಳು.

"ಲೂಕಾಸಿ. ಬಾ. ಬಂದ್ಬಿಡು."

ಅಳು ನಿಂತಿತು. ಮಗು ಏನನ್ನೋ ಆಲಿಸುವಂತೆ ಸುಮ್ಮನಿತ್ತು. ಉಲಾಯು ಎದೆಗೆ ಹಿಡಿದಳು. ಒಂದು ಸಲ ಬಾಯಿ ಜಾರಿತು, ಇನ್ನೊಂದು ಸಲ ಹಿಡಿಯಿತು. ಗುಟುಕರಿಸುವ ಸದ್ದು ನಮಗೆಲ್ಲ ಕೇಳಿಸಿತು. ಈ ವೇಳೆಗೆ ಎಷ್ಟೋ ಮಕ್ಕಳು ತಾವಾಗೇ ಹಿಡಿಯುತ್ತವೆ ಅಂದಳು ನರ್ಸ್. ಇರಬಹುದು.

ಅಮ್ಮ ಅಲ್ಲೇ ಕುಸಿದು ಕೂತು, "ಅಷ್ಟು ದೂರ ಹೆಂಗ್ ಬಂದ್ಯೋ," ಅಂತ ಮಗುವನ್ನೇ ಕೇಳಿದಳು.

ಒಂದು ವರ್ಷದಿಂದ ನನ್ನ ಬಾಯಿಂದ ಅಪ್ಪನನ್ನು ಕರೆಯುವ ಆ ಮಾತು ಹೊರಟಿರಲಿಲ್ಲ. ಮೊಮ್ಮಗನ ತಲೆ ಸವರುತ್ತ ಅಂದೆ: "ನಿಧಾನಕ್ಕೆ ಕುಡಿ ಅಪ್ಪಾ. ಯಾರೂ ಕಿತ್ಕೊಳಲ್ಲ."