ಸಾಯ್ಬಿಣ್ ದಾಟಿ ಹೋದ ಮನೆ

ಮೊನ್ನೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಸುರಗಿ ಹೂವಿನ ವಾಸನೆ ಮೂಗಿಗೆ ಬಡಿಯಿತು. ಹಾಲಕ್ಕಿ ಹೆಂಗಸೊಬ್ಬಳು ಬಾಳೆ ಎಲೆಯ ಮೇಲೆ ದಂಡೆಗಳನ್ನು ಸುತ್ತಿಟ್ಟುಕೊಂಡು ಕೂತಿದ್ದಳು. ನಾನು ಹೂ ಮುಡಿಯುವವಳಲ್ಲ. ಆದರೂ ಕಾಲು ಅಲ್ಲೇ ನಿಂತಿತು... ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸುಕಾಲದಲ್ಲಿ, ನಮ್ಮ ಕ್ರೈಸ್ತ ಹೆಂಗಸರೆಲ್ಲ ಮಾಂಸ ಬಿಟ್ಟು, ಹೂ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು ಓಡಾಡುವ ದಿನಗಳಲ್ಲಿ, ಜಡೆಗೆ ಸುರಗಿ ಮುಡಿದು ಚರ್ಚಿಗೆ ಬರುತ್ತಿದ್ದವರು ನಮ್ಮ ಟೀಚರ್ ಒಬ್ಬರೇ. ಯಾರಾದರೂ ಕೊಂಕು ತೆಗೆದರೆ, "ಈ ಹೂ ಆಗೂದೇ ಈಗ. ದೇವ್ರೇ ಹಂಗೆ ಇಟ್ಟದ್ದು, ನಾನೆಂತ ಮಾಡ್ಲಿ?" ಎನ್ನುತ್ತಿದ್ದರು.

ಟೀಚರ್ ಎಂದರೆ ಶಾಲೆಯ ಟೀಚರಲ್ಲ. ಅಂಕೋಲೆಯಿಂದ ಕಾರವಾರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಸಮುದ್ರದ ಬದಿಗೆ ಇಳಿದರೆ ಸಿಗುವ ನಮ್ಮ ಸಣ್ಣ ಕೇರಿಯಲ್ಲಿ ಅವರು ವಾರವಿಡೀ ಹೊಲಿಗೆ ಮಷಿನ್ ತುಳಿಯುತ್ತಿದ್ದರು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಒಬ್ಬರೇ. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕೆಲಸ ಅವರದು. ಇಪ್ಪತ್ತೊಂದನೆಯ ಶತಮಾನ ಆಗಷ್ಟೇ ಶುರುವಾಗಿತ್ತು, ನಾನು ಹೈಸ್ಕೂಲಿನಲ್ಲಿದ್ದೆ.

ಅವರಿಗಿಂತ ಮೊದಲು ಇದ್ದವರು ನಮಗೆ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮನ್ನು ಸೃಷ್ಟಿಸಿದವರು ಯಾರು ಎಂದರೆ ದೇವರು ಎಂದು ಎಲ್ಲರೂ ಒಟ್ಟಿಗೆ ಕಿರುಚಬೇಕು. ತಪ್ಪಿದರೆ ಕಿವಿ ಹಿಂಡುತ್ತಿದ್ದರು. ಟೀಚರ್ ಬಂದ ಮೊದಲ ಭಾನುವಾರವೇ ನಮ್ಮನ್ನು ಗಾಳಿಮರದ ನೆರಳಿಗೆ ಕರೆದುಕೊಂಡು ಹೋಗಿ ಮರಳಿನಲ್ಲಿ ಕೂರಿಸಿದರು.

"ಈ ವಾರ ನಿಮ್ಗೆ ಒಂದೇ ಕೆಲ್ಸ. ದೇವ್ರ ಹತ್ರ ಒಂದು ಖರೆ ಮಾತು ಹೇಳಿ ಬರೂದು. ಬೇರೆ ಯಾರ ಹತ್ರೂ ಹೇಳದ್ದು. ನನ್ನ ಹತ್ರವೂ ಹೇಳೂದು ಬೇಡ."

ನಮ್ಮಲ್ಲೊಬ್ಬ, ದೇವರು ತಿರುಗಿ ಏನೂ ಹೇಳುವುದಿಲ್ಲವಲ್ಲ ಟೀಚರ್ ಎಂದ. ಅದಕ್ಕೆ ಅವರು, "ನಿನ್ನ ಅಜ್ಜಿ ದಿನಕ್ಕೆ ಎಷ್ಟು ಮಾತಾಡ್ತು? ಮಾತಾಡದೇ ಇದ್ರೂ ಅದ್ಕೆ ನಿನ್ನ ಮೇಲೆ ಎಂತ ಮನ್ಸು ಹೇಳಿ ನಿನ್ಗೆ ಗೊತ್ತಿಲ್ವನಾ? ಹತ್ರ ಕೂತು ಕೂತು ಗೊತ್ತಾಗೂದು ಅದು" ಎಂದರು.

ಹೀಗೆ ಶುರುವಾಯಿತು. ಒಬ್ಬಳು ಹೋಗಿ, ನನಗೆ ಪೂಜೆಯಲ್ಲಿ ನಿದ್ದೆ ಬರುತ್ತದೆ ಎಂದು ದೇವರಿಗೆ ಹೇಳಿ ಬಂದಳಂತೆ. ಹೇಳಬೇಡಿ ಎಂದಿದ್ದರೂ ಮಕ್ಕಳ ಬಾಯಲ್ಲಿ ಅದು ನಿಲ್ಲುತ್ತದೆಯೇ? ನನ್ನ ಖರೆ ಮಾತನ್ನು ಮಾತ್ರ ನಾನು ಗೆಳತಿಯರಿಗೆ ಹೇಳಲಿಲ್ಲ. ಅದು, ನಮ್ಮ ದೊಡ್ಡಪ್ಪ ಸತ್ತುಹೋಗಲಿ ಎಂಬ ಮಾತಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ದೊಡ್ಡಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಅನ್ನ ಹಾಕುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಒಂದೊಂದು ತುತ್ತಿಗೂ ಒಂದೊಂದು ಮಾತು. ಅಮ್ಮ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಊಟ ಮಾಡುವುದನ್ನು ಕಲಿತಳು. ಕೇರಿಯಲ್ಲಿ ಮಾತ್ರ ದೊಡ್ಡಪ್ಪ ಭಾರಿ ಮನುಷ್ಯ. ಮೇ ತಿಂಗಳಲ್ಲಿ ದಂಡೆಯ ಮೇಲಿನ ಶಿಲುಬೆಯ ಮುಂದೆ ಹಾಡುವ ಸ್ತುತಿಪ್ರಾರ್ಥನೆಗೆ ನಾವು ಲದಿನ್ ಎನ್ನುತ್ತೇವೆ. ಅದನ್ನು ಹಾಡಿಸುವವರು ಅವರೇ. ಅವರಪ್ಪನಿಂದ ಕೇಳಿ ಕಲಿತ ಲ್ಯಾಟಿನ್ ಅದು. ಹಾಡುವವರಿಗೂ ಅರ್ಥ ಗೊತ್ತಿಲ್ಲ, ಉತ್ತರ ಕೊಡುವವರಿಗೂ ಗೊತ್ತಿಲ್ಲ, ಒಮ್ಮೆ ಬಂದ ಪಾದ್ರಿಗೂ ಅರ್ಥವಾಗಲಿಲ್ಲವಂತೆ.

ಒಂದು ಭಾನುವಾರ ತಡೆಯಲಾರದೆ ಟೀಚರ ಹತ್ತಿರ ನನ್ನ ಮಾತನ್ನು ಹೇಳಿಬಿಟ್ಟೆ. ಗದರುತ್ತಾರೆ ಎಂದುಕೊಂಡಿದ್ದೆ. ಅವರು ಗದರಲಿಲ್ಲ.

"ನನ್ನ ಹತ್ರ ಎಂತಕ್ಕೆ ಹೇಳ್ತೆ ಗೋ? ನಾನು ಯಾರನ್ನೂ ಸಾಯ್ಸೂದಿಲ್ಲ. ದೇವ್ರ ಹತ್ರನೇ ಹೇಳು. ಹೇಳಿ ಆದ್ಮೇಲೆ ಎದ್ದು ಓಡ್ಬೇಡ, ಸ್ವಲ್ಪ ಹೊತ್ತು ಅಲ್ಲೇ ಕೂತ್ಕೋ. ನೀ ಹೇಳೂದು ಹೇಳ್ತೆ, ಅವ್ನಿಗೂ ಹೇಳೂಕೆ ಇರ್ತದಲ್ಲ."

ಹಾಗೆ ಕೂತದ್ದರಿಂದ ದೊಡ್ಡಪ್ಪನ ಮೇಲಿನ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. ಆದರೆ ದೇವರೆಂಬುವನು ಪ್ರಶ್ನೋತ್ತರದ ಪುಸ್ತಕದಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ. ನನ್ನ ಬೈಗುಳ ಕೇಳಿಯೂ ಎದ್ದು ಹೋಗದವನು ಆ ಮನೆಯಲ್ಲಿ ಅವನೊಬ್ಬನೇ. ಇದನ್ನು ನನಗೆ ಕೊಟ್ಟವರು ಟೀಚರ್. ಅದಕ್ಕೇ ಅವರಿಗೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮರೆಯಬೇಕು ಎಂದು ಪಾದ್ರಿಗಳು ಹೇಳುತ್ತಾರೆ, ಹೇಳಲಿ.

ಆ ವರ್ಷದ ಮೇ ತಿಂಗಳ ಲದಿನ್. ಶಿಲುಬೆಗೆ ಸುಣ್ಣ ಬಳಿದು ಅಬ್ಬಲಿಗೆ ಮಾಲೆ ಹಾಕಿದ್ದರು. ದೊಡ್ಡಪ್ಪ ಎದೆ ಸೆಟೆಸಿ ಹಾಡಿ ಮುಗಿಸಿದರು. ಎಲ್ಲರೂ ಎದ್ದು ಬೇಯಿಸಿದ ಕಡಲೆಗೆ ಕೈಯೊಡ್ಡುವ ಹೊತ್ತಿಗೆ ಅವರ ಮೊಮ್ಮಗಳು, ಟೀಚರ ತರಗತಿಗೆ ಬರುತ್ತಿದ್ದ ಸಣ್ಣ ಹುಡುಗಿ, ಶಿಲುಬೆಯ ಹತ್ತಿರ ಮಂಡಿಯೂರಿ ಕಣ್ಣು ಮುಚ್ಚಿ ಜೋರಾಗಿ ಹೇಳಿಬಿಟ್ಟಳು.

"ದೇವ್ರೇ, ನಮ್ಮ ಅಪ್ಪ ಮನೆಗೆ ಬರೂ ಹಂಗೆ ಮಾಡು. ಅಜ್ಜ ಅವ್ನಿಗೆ ಮತ್ತೆ ಹೊಡಿದೇ ಇರೂ ಹಂಗೆ ಮಾಡು."

ಮಗ ದುಬೈಗೆ ಹೋಗಿದ್ದಾನೆ ಎಂದು ದೊಡ್ಡಪ್ಪ ಕೇರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೊಡೆದು ಹೊರಗೆ ಹಾಕಿದ್ದು, ಆತ ಕಾರವಾರದಲ್ಲಿ ಯಾರದೋ ಬೋಟಿನಲ್ಲಿ ಕೂಲಿಗೆ ಇದ್ದದ್ದು ನಮ್ಮ ಮನೆಯೊಳಗಿನ ಮಾತು. ಕಡಲೆಯ ಪಾತ್ರೆ ಹಿಡಿದವನ ಕೈ ಹಾಗೇ ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲು ಅಮ್ಮನ ಸೆರಗಿನ ಹಿಂದೆ ಹೋಗಿ, ಬೆನ್ನಿಗೆ ಮುಖ ಒತ್ತಿ ನಿಂತೆ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ದೊಡ್ಡಪ್ಪ ಮೊಮ್ಮಗಳಿಗೆ ಏನೂ ಅನ್ನಲಿಲ್ಲ. ಅವರು ಹಿಡಿದದ್ದು ಟೀಚರನ್ನು. ನಮ್ಮ ಕಡೆ ಆಗ ಬಿಲೀವರ್ ಎಂಬುದು ಬೈಗುಳವೇ ಆಗಿತ್ತು. ಚರ್ಚು, ಮೂರ್ತಿ, ಮೇಣದಬತ್ತಿ ಎಲ್ಲ ಬಿಟ್ಟು ಬೇರೆ ಪ್ರಾರ್ಥನಾಕೂಟ ಸೇರಿದವರಿಗೆ ಹಾಗೆನ್ನುತ್ತಿದ್ದರು. ಕಣ್ಣು ಮುಚ್ಚಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವುದೇ ಅಂಥವರ ಗುರುತು ಎಂದು ನಮ್ಮವರ ತಿಳಿವಳಿಕೆ. ಕೊರಳಲ್ಲಿ ಜಪಮಾಲೆ ಇಲ್ಲದೆ ಹೊಸ್ತಿಲು ದಾಟದ, ಹೊಲಿಗೆ ಮಷಿನ್ನಿನ ಮೇಲೆ ಸಂತರ ಪಟಗಳನ್ನು ಸಾಲಾಗಿ ಅಂಟಿಸಿಕೊಂಡಿದ್ದ ಹೆಂಗಸು ಬಿಲೀವರ್ ಆಗಿಬಿಟ್ಟರು.

"ಮಕ್ಳ ತಲೆ ತಿರುಗಿಸ್ತಾ ಇದ್ದು ಅದು. ಇವತ್ತು ಕಣ್ಣು ಮುಚ್ಚಿಸ್ತದೆ, ನಾಳೆ ನಿಮ್ಮ ಮನೆ ದೇವ್ರ ಅಲ್ತಾರು ಒಡಿಸ್ತದೆ" ಎಂದು ದೊಡ್ಡಪ್ಪ ಚರ್ಚಿನ ಅಂಗಳದಲ್ಲೇ ಕೂಗಾಡಿದರು. ಪಾದ್ರಿ ಹೊಸಬ, ಎಳೆಯ. ನಾಲ್ಕು ಜನ ದೊಡ್ಡವರ ಮುಂದೆ ಅವರು ಬಾಗಿದರು. ಸ್ವಲ್ಪ ದಿನ ತರಗತಿ ಬಿಡಿ ಟೀಚರ್ ಎಂದರಷ್ಟೆ. ಟೀಚರ್ ಹೂಂ ಎಂದು ಮಕ್ಕಳ ಪುಸ್ತಕಗಳನ್ನು ಅವರ ಕೈಗೆ ಕೊಟ್ಟು ಮನೆಗೆ ನಡೆದರು. ಆ ವಾರದಿಂದ ಅವರ ಮನೆಗೆ ಹೊಲಿಯಲು ಬಟ್ಟೆ ಕೊಡುವವರೂ ಕಡಿಮೆಯಾದರು.

ಇಷ್ಟಕ್ಕೇ ಬಿಟ್ಟಿದ್ದರೂ ನಾನು ಇಷ್ಟು ವರ್ಷ ಹಲ್ಲು ಕಡಿಯುತ್ತಿರಲಿಲ್ಲವೇನೋ.

ಅಕ್ಟೋಬರಿನಲ್ಲಿ ಮಾತೆ ಮರಿಯಮ್ಮನ ಪ್ರತಿಮೆ ಕೇರಿಯ ಮನೆಮನೆಗೆ ಬರುತ್ತದೆ. ಸಾಯ್ಬಿಣ್ ಬರುವುದು ಎನ್ನುತ್ತೇವೆ. ಒಂದು ಮನೆಯಲ್ಲಿ ಒಂದು ದಿನ ಇದ್ದು, ಮರುದಿನ ಸಂಜೆ ಜಪಮಾಲೆ ಹೇಳುತ್ತ ಮೆರವಣಿಗೆಯಲ್ಲಿ ಪಕ್ಕದ ಮನೆಗೆ ಹೋಗುತ್ತಾಳೆ. ಎಷ್ಟೇ ಜಗಳವಿರಲಿ, ಸಾಯ್ಬಿಣ್ ಯಾವ ಮನೆಯನ್ನೂ ಬಿಡುವುದಿಲ್ಲ. ಟೀಚರ ಸರದಿಯ ದಿನ ಅವರು ಅಂಗಳ ಸಾರಿಸಿ, ಬಾಗಿಲಿಗೆ ಹೂ ಕಟ್ಟಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಉರಿಯುವ ಮೇಣದಬತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಮೆರವಣಿಗೆಯ ಮುಂದೆ ಪ್ರತಿಮೆ ಹಿಡಿದವರು ದೊಡ್ಡಪ್ಪ. ಟೀಚರ ಬೇಲಿಬಾಗಿಲ ದಣಪೆಯ ಹತ್ತಿರ ಬಂದಾಗ ಅವರು ತಿರುಗಲಿಲ್ಲ. ದನಿ ಏರಿಸಿ ಜಪ ಹೇಳುತ್ತ ನೇರ ಮುಂದಿನ ಮನೆಗೆ ನಡೆದರು. ಹಿಂದಿದ್ದವರು ಒಮ್ಮೆ ನಿಂತಂತೆ ಮಾಡಿದರು, ಆಮೇಲೆ ತಲೆ ತಗ್ಗಿಸಿ ಹಿಂಬಾಲಿಸಿದರು...

ನಾನು ಸಾಲು ಬಿಟ್ಟು ದಣಪೆ ದಾಟಿ ಒಳಗೆ ಹೋದೆ. ಟೀಚರ್ ಇನ್ನೂ ಅಲ್ಲೇ ನಿಂತಿದ್ದರು, ಮೇಣ ಬೆರಳಿನ ಮೇಲೆ ಇಳಿಯುತ್ತಿತ್ತು. ನಾನೇ ಬತ್ತಿ ಆರಿಸಿದೆ.

"ಕಡ್ಲೆ ಬೇಯ್ಸಿಟ್ಟದ್ದು ಅದೆ, ಇಡೀ ಕೇರಿಗೆ ಸಾಕಾಗೂ ಅಷ್ಟು. ನೀ ತಿನ್ನು ಬಾ" ಎಂದರು. ಒಳಗೆ ಹೋಗಿ ಖಾಲಿ ಮೇಜಿನ ಮುಂದೆ ಕೂತರು. ಕಣ್ಣಲ್ಲಿ ನೀರಿರಲಿಲ್ಲ, ಮುಖ ಕೆಂಪಾಗಿತ್ತು. "ಇವತ್ತು ದೇವ್ರ ಹತ್ರ ನಂದೇ ಜಗಳ ಅದೆ. ನೀ ತಿಂದ್ಕಂಡು ಮನೆಗೆ ಹೋಗು."

ಮನೆಗೆ ಹೋದಾಗ ದೊಡ್ಡಪ್ಪ ಹುಣಸೆ ಬರಲು ತೆಗೆದುಕೊಂಡು ಕಾದಿದ್ದರು. ಹೊಡೆತ ಲೆಕ್ಕಕ್ಕಿಲ್ಲ, ಅದು ಅಂದಿಗೇ ಮುಗಿಯಿತು. ಮೆಟ್ಟಿಲ ಮೇಲೆ ನಿಂತಿದ್ದ ಆ ಹೆಂಗಸಿನ ಮುಖ ಮುಗಿಯಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲೇ ಟೀಚರ್ ಮನೆ ಬೀಗ ಹಾಕಿ ಮಲ್ಲಾಪುರಕ್ಕೆ ಹೋದರು. ಅವರ ತಂಗಿಯ ಗಂಡನಿಗೆ ಅಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ. ತಂಗಿಯ ಮಕ್ಕಳನ್ನು ನೋಡಿಕೊಂಡಿದ್ದರು. ಕಾಲೇಜಿಗೆ ಸೇರಿದ ಮೇಲೆ ಒಮ್ಮೆ ಕಾರವಾರದಿಂದ ಬಸ್ಸು ಹಿಡಿದು ನೋಡಲು ಹೋಗಿದ್ದೆ. ಬಹಳ ಸಣ್ಣಗಾಗಿದ್ದರು, ಕೆಮ್ಮುತ್ತಿದ್ದರು. ಅಲ್ಲಿ ಮಕ್ಕಳಿಗೆ ಕಲಿಸುತ್ತೀರಾ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಅಲ್ಲಿಯ ಚರ್ಚಿನವರು ಕೇಳಿಕೊಂಡು ಬಂದಿದ್ದರಂತೆ, ಇವರೇ ಒಲ್ಲೆ ಎಂದರಂತೆ. ಅವರ ಕೈಯಿಂದ ಆ ಕೆಲಸ ಕಿತ್ತುಕೊಂಡದ್ದಷ್ಟೇ ಅಲ್ಲ, ಅದನ್ನು ಮಾಡುವ ಧೈರ್ಯವನ್ನೂ ದೊಡ್ಡಪ್ಪ ಕಿತ್ತುಕೊಂಡಿದ್ದರು. ಹೊರಡುವಾಗ ಬಾಗಿಲವರೆಗೆ ಬಂದರು.

"ಇನ್ನೂ ಬೈತೆಯಾ ಅವ್ನ ಹತ್ರ?"

"ದಿನಾ ಬೈತೆ ಟೀಚರ್."

"ಬೈ. ಆದ್ರೆ ನಡುನಡುವೆ ಬಾಯಿ ಮುಚ್ಚು. ಅವ್ನಿಗೆ ಮಾತಾಡೂಕೆ ಜಾಗ ಬೇಕಲ್ಲ."

ನಕ್ಕರು, ಕೆಮ್ಮು ಬಂತು... ಮತ್ತೆ ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ನಮ್ಮ ಮನೆಗೆ ಬಂದಾಗ ಮಣ್ಣು ಮಾಡಿ ಆಗಿತ್ತು. ದೊಡ್ಡಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಪಾಪ, ಒಳ್ಳೆಯ ಹೆಂಗಸು ಎಂದು, ಅದೇ ಉಸಿರಿನಲ್ಲಿ ಹಾರವಾಡದಿಂದ ಬಂಗಡೆ ಬಂತೇ ಎಂದು ಅಮ್ಮನನ್ನು ಕೇಳಿದರು.

ನನ್ನ ಕೈಲಾದ ಸೇಡು ತೀರಿಸಿಕೊಂಡೆ. ನನ್ನ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ಅಪ್ಪನ ಜಾಗದಲ್ಲಿ ನಿಲ್ಲಬೇಕಾದ ದೊಡ್ಡಪ್ಪನನ್ನು ಕರೆಯಲೇ ಇಲ್ಲ. ಕೇರಿ ಆಡಿಕೊಂಡಿತು, ಅವರು ತಲೆ ಎತ್ತದೆ ಓಡಾಡಿದರು ಎಂದು ಅಮ್ಮ ಹೇಳಿದಳು. ಸಾಲಲಿಲ್ಲ.

ಮೊನ್ನೆ ನಾನು ಅಂಕೋಲೆಗೆ ಬಂದದ್ದು ದೊಡ್ಡಪ್ಪನನ್ನು ನೋಡಲು. ಹಾಸಿಗೆ ಹಿಡಿದಿದ್ದಾರೆ, ಇನ್ನು ಹೆಚ್ಚು ದಿನವಿಲ್ಲ, ನಿನ್ನನ್ನೇ ಕೇಳುತ್ತಿದ್ದಾರೆ ಎಂದು ಅದೇ ಮೊಮ್ಮಗಳು ಫೋನಿನಲ್ಲಿ ಅತ್ತಿದ್ದಳು. ಮನೆಗೆ ಹೋದಾಗ ಕೋಣೆಯಲ್ಲಿ ಔಷಧಿಯ ವಾಸನೆ. ಎದೆ ಸೆಟೆಸುತ್ತಿದ್ದ ಮನುಷ್ಯ ಚಾದರದ ಕೆಳಗೆ ಇದ್ದಾರೋ ಇಲ್ಲವೋ ಎನ್ನುವಷ್ಟಾಗಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

"ಪಾದ್ರಿ ಬಂದು ಹೇಳಿ ಹೋಗ್ತಾರೆ. ಕಿವಿಗೆ ಬೀಳ್ತದೆ, ಒಳಗೆ ಹೋಗೂದಿಲ್ಲ. ಹೆದ್ರಿಕೆ ಆಗ್ತದೆ ಮಗಾ. ಆ ಟೀಚರ್ ನಿಮ್ಗೆ ಕಲ್ಸಿತ್ತಲ್ಲ... ಸ್ವಂತ ಮಾತಾಡೂದು. ನನ್ಗೆ ಬರೂದಿಲ್ಲ. ನೀ ನನ್ನ ಸಲುವಾಗಿ ಅವ್ನ ಹತ್ರ ಮಾತಾಡು. ನನ್ಗೂ ಹೇಳ್ಕೊಡು."

ನನ್ನ ಕೈ ಹಿಡಿದುಕೊಂಡಿದ್ದರು. ಕೈಯಲ್ಲಿ ಬಲವಿರಲಿಲ್ಲ.

ನಾನು ಮಂಡಿಯೂರಿದೆ. ಲದಿನ್ ಹಾಡಿದೆ, ಅವರದೇ ರಾಗದಲ್ಲಿ, ಅವರದೇ ಲ್ಯಾಟಿನ್ನಿನಲ್ಲಿ, ಮೊದಲಿನಿಂದ ಕೊನೆಯವರೆಗೆ. ಮಾತೆಯ ಹೆಸರುಗಳಲ್ಲಿ ಒಂದನ್ನೂ ಬಿಡಲಿಲ್ಲ, ಸ್ವಂತದ ಒಂದು ಮಾತನ್ನೂ ಸೇರಿಸಲಿಲ್ಲ. ಅವರು ಮೊದಲು ಬೇಡ ಬೇಡ ಎಂದು ಕೈಯಾಡಿಸಿದರು. ಆಮೇಲೆ ತುಟಿ ತಾನಾಗಿ ಉತ್ತರ ಕೊಡತೊಡಗಿತು, ಕಣ್ಣಿನಿಂದ ನೀರು ಇಳಿದು ದಿಂಬು ಒದ್ದೆಯಾಯಿತು. ಮುಗಿದ ಮೇಲೆ, "ಅಷ್ಟೇಯಾ?" ಎಂದರು.

"ಅಷ್ಟೇ ದೊಡ್ಡಪ್ಪ" ಎಂದು ಕೈ ಬಿಡಿಸಿಕೊಂಡು ಎದ್ದೆ.

ಹೊರಗೆ ಮೊಮ್ಮಗಳು, ಅಜ್ಜನಿಗೆ ಸಮಾಧಾನವಾಯಿತೇ, ನಾಳೆಯೂ ಬರುತ್ತೀಯಾ ಅತ್ತೆ ಎಂದು ಕೇಳಿದಳು. ನೋಡುತ್ತೇನೆ ಎಂದೆ. ಹೆದ್ದಾರಿಯವರೆಗೆ ನಡೆದು ಬರುವಾಗ ಟೀಚರ ಮನೆಯ ಜಾಗ ಸಿಕ್ಕಿತು. ಮನೆ ಇಲ್ಲ, ಮೆಟ್ಟಿಲ ಕಲ್ಲುಗಳು ಮಾತ್ರ ಇವೆ. ಅವರಿದ್ದಿದ್ದರೆ ಮಾಡಿದ್ದನ್ನು ಹೇಳಬಹುದಿತ್ತು, ಕೆನ್ನೆಗೆ ಬಾರಿಸುತ್ತಿದ್ದರೋ ಏನೋ. ಬಾರಿಸಲಿಕ್ಕೂ ಈಗ ಅವರಿಲ್ಲ ಎಂಬುದು ಅಲ್ಲಿ ನಿಂತಾಗ ಬಹಳ ವರ್ಷಗಳ ನಂತರ ಮತ್ತೆ ಹೊಸದಾಗಿ ತಿಳಿಯಿತು, ಅಳು ಬಂತು.

ಅಳು ನಿಂತ ಮೇಲೆ ಅಲ್ಲೇ ಕೂತು ಅವನ ಹತ್ತಿರ ಖರೆ ಮಾತು ಹೇಳಿದೆ. ದೊಡ್ಡಪ್ಪನಿಗೆ ನಿನ್ನನ್ನು ಪರಿಚಯ ಮಾಡಿಕೊಡಲು ನಮ್ಮ ಕೇರಿಗೆ ನೀನು ಒಬ್ಬಳನ್ನು ಕಳಿಸಿದ್ದೆ, ಅವಳನ್ನು ಓಡಿಸುವಾಗ ನೀನೂ ಸುಮ್ಮನಿದ್ದೆ. ಈಗ ಬೇಕಾದರೆ ನೀನೇ ಹೋಗಿ ಮಾತಾಡು, ನನ್ನನ್ನು ಕೇಳಬೇಡ ಎಂದೆ. ಆಮೇಲೆ ಬಾಯಿ ಮುಚ್ಚಿ ಬಹಳ ಹೊತ್ತು ಕೂತೆ. ಅವನು ಕೇಳಿದ. ನಾಳೆ ಹೋಗುತ್ತೀಯಾ ಎಂದೇ ಕೇಳಿದ. ನಾನು ಎದ್ದು ಬಸ್ಸು ಹತ್ತಿದೆ.