ತಡವರಿಸದ ಓದು

ಬನಹಟ್ಟಿಯ ತಾರವ್ವ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುವಳು. ಮಹಾಲಿಂಗಪುರದಿಂದ ತಂದ ಬೆಲ್ಲವನ್ನು ಒಡೆದು, ಮೂಸಿ, ನಾಲಿಗೆಗಿಟ್ಟು, ಆಮೇಲೂ ಹುಬ್ಬು ಗಂಟಿಕ್ಕುವಳು. ಗುಡಿಯಲ್ಲಿ ಪ್ರಸಾದ ಕೊಟ್ಟರೂ "ಯಾರ ಮಾಡ್ಯಾರ ಇದನ್ನ?" ಎಂದು ಕೇಳಿಯೇ ಬಾಯಿಗೆ ಹಾಕುವಳು. ಮನೆಯ ಪಡಸಾಲೆಯಲ್ಲಿ ಎರಡು ಹಳೆಯ ಪವರ್‌ಲೂಮ್. ಇಪ್ಪತ್ತು ವರ್ಷದಿಂದ ಅವಳೇ ನೋಡಿಕೊಂಡದ್ದು. ಲಾಳಿಯೊಳಗಿನ ನೂಲು ಮುಗಿದ ಮೇಲೂ ಆ ಮಗ್ಗಗಳು ಖಟಖಟ ಓಡುತ್ತಲೇ ಇರುತ್ತವೆ, ಸೀರೆ ಮಾತ್ರ ಒಂದು ಬೆರಳೂ ಬೆಳೆಯುವುದಿಲ್ಲ. ಬರೀ ಸದ್ದು ಕೇಳಿ ನೆಮ್ಮದಿಯಾಗಿ ಕೂರಬಾರದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂಥವಳ ಮಗಳು ಅಕ್ಷತಾ. ಪಿಯುಸಿ ಮುಗಿಸಿ, ಧಾರವಾಡದ ಕಾಲೇಜಿನಲ್ಲಿ ಗಣಿತ ಟೀಚರ್ ಆಗುವ ಪದವಿಗೆ ಸೀಟು ಬೇಕೆಂದು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆಯಲ್ಲಿ ಎರಡು ಭಾಗ. ಒಂದು ಗಣಿತ. ಇನ್ನೊಂದು ಇಂಗ್ಲಿಷ್ ಓದು: ಎಂದೂ ನೋಡದ ಒಂದು ಪುಟದ ಬರಹ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಎರಡರಲ್ಲೂ ಪಾಸಾಗಲೇಬೇಕು. ಈ ಸಲ ಸೀಟು ಸಿಗದಿದ್ದರೆ ಓದು ಸಾಕು, ಮಗ್ಗಕ್ಕೆ ಬರಲಿ ಎಂದು ಅಪ್ಪ ದಶರಥ ಹೇಳಿಬಿಟ್ಟಿದ್ದ.

ಪಕ್ಕದ ಮನೆಯ ಸುವರ್ಣಾ ಸುಮ್ಮನಿರಬೇಕಲ್ಲ. "ನಮ್ಮಕ್ಕನ ಮಗಳು ಪುಸ್ತಕದಾಗ ಮೊಬೈಲ್ ಇಟ್ಕೊಂಡ ವರ್ಷಾನ ಕಳದ್ಲಬೇ," ಎಂದು ಕಿವಿಗೆ ಹಾಕಿ ಹೋದಳು. ತಾರವ್ವ ಮೊದಲೇ ಅನುಮಾನದ ಪ್ರಾಣಿ. ಅಂದೇ ಮಗಳ ಮೊಬೈಲು ಜೋಳದ ಡಬ್ಬಿ ಸೇರಿತು.

"ಇನ್ನ ಮ್ಯಾಲೆ ಜೋರಾಗಿ ಓದ. ನನಗ ಕೇಳಬೇಕು."

"ಇಂಗ್ಲಿಷ್ ನಿನಗ ತಿಳೀತದೇನಬೇ?"

"ಅರ್ಥ ಕಟ್ಕೊಂಡ ನನಗೇನ? ನಿನ್ನ ಬಾಯಿ ನಿಂತ್ರ ತಿಳೀತದ."

ಮಗ್ಗ ಓಡುವಾಗ ಯಾರ ಮಾತೂ ಯಾರಿಗೂ ಕೇಳದು. ಆ ಹೊತ್ತು ಅಕ್ಷತಾ ಗಣಿತ ಮಾಡುವಳು. ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ಇಂಗ್ಲಿಷ್ ಓದು. ತಾರವ್ವ ಬಾಗಿಲ ಹೊರಗೆ ಕೂತು ಕಿವಿ ಕೊಡುವಳು. ಮಗಳ ಓದು ನೀರು ಹರಿದ ಹಾಗೆ ಹರಿಯಿತು. ಒಂದು ತಿಂಗಳು ತಾರವ್ವ ಒಳಗೊಳಗೇ ಹಿಗ್ಗಿದಳು.

ಆಮೇಲೆ ಆ ಹಿಗ್ಗಿನ ಮೇಲೂ ಅವಳಿಗೆ ಅನುಮಾನ ಬಂತು. ಗಣಿತದ ನೋಟ್‌ಬುಕ್ಕಿನ ತುಂಬ ಗೀಚಿ ಹೊಡೆದು ಹಾಕಿದ ಲೆಕ್ಕಗಳು. ಇಷ್ಟು ತಪ್ಪುವ ಹುಡುಗಿ ಇಂಗ್ಲಿಷಿನಲ್ಲಿ ಒಂದು ಸಲವೂ ತೊಡರುವುದಿಲ್ಲವೆಂದರೆ? ಒಂದು ದಿನ ಬಾಗಿಲ ಸಂದಿಯಿಂದ ಇಣುಕಿದಳು. ಮಗಳ ಬಾಯಿ ಓದುತ್ತಿತ್ತು, ಕಣ್ಣು ಕಿಟಕಿಯಾಚೆ ಇತ್ತು.

ತಾರವ್ವ ಸೀದಾ ಒಳಗೆ ಹೋಗಿ ಪುಸ್ತಕ ಕಸಿದುಕೊಂಡಳು. ಮೊದಲಿನ ಹತ್ತಿಪ್ಪತ್ತು ಪುಟಗಳು ಬೆರಳಿನ ಜಿಡ್ಡಿಗೆ ಕಪ್ಪಾಗಿದ್ದವು. ಮುಂದಿನವು ಅಂಗಡಿಯಿಂದ ಈಗ ತಂದಂತೆ ಗರಿಗರಿಯಾಗಿದ್ದವು. ಅಂಥದ್ದೊಂದು ಪುಟ ತೆರೆದು ಮಗಳ ಮುಂದೆ ಹಿಡಿದಳು.

"ಇದನ್ನ ಓದ."

ಅಕ್ಷತಾ ಎರಡು ಶಬ್ದ ಓದಿ ನಿಂತಳು. ಮೂರನೆಯದಕ್ಕೆ ತಡವರಿಸಿದಳು. ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು.

"ಎಂಟ ಪಾಠ ಬಾಯಿಪಾಠ ಮಾಡೇನಿ. ಅವನ್ನ ತಿರುಗಿ ತಿರುಗಿ ಹೇಳಾಕತ್ತೇನಿ."

"ಯಾರಿಗೆ ಮೋಸ ಮಾಡಾಕತ್ತೀಯ ನೀ? ಪರೀಕ್ಷಾಕ ಇನ್ನ ಹದಿಮೂರ ದಿನ ಅದ!"

"ಹೊಸಾದು ಓದಿದ್ರ ನಿಲ್ತೇನಿ. ನಿಂತ್ರ ನೀ ಓಡಿ ಬರ್ತಿ. ಯಾಕ ನಿಂತಿ, ಏನ ಮಾಡಾಕತ್ತಿ ಅಂತ ಕೇಳ್ತಿ. ಗಣಿತದಾಗ ನೂರ ಸಲ ತಪ್ಪತೇನಿ, ಯಾರೂ ಕೇಳೂದಿಲ್ಲ, ಮತ್ತ ಮಾಡ್ತೇನಿ. ಅದಕ್ಕ ಗಣಿತ ಬಂತು. ಇಲ್ಲಿ ತಪ್ಪಾಕ ನೀ ಬಿಡವಲ್ಲಿ."

ಕಳ್ಳಿಯನ್ನು ಹಿಡಿದೆನೆಂದು ಎದ್ದ ಸಿಟ್ಟು ಅಲ್ಲೇ ಇಳಿಯಿತು. ಒಂದೂವರೆ ತಿಂಗಳು ಮಗಳನ್ನು ಕಾಯುತ್ತೇನೆಂದು ಕೂತು, ಮಗಳ ಓದಿಗೆ ತಾನೇ ಕಲ್ಲು ಹಾಕಿದ್ದಳು. ತಾರವ್ವ ಪುಸ್ತಕ ತಿರುಗಿ ಕೊಟ್ಟಳು.

"ನಾಳಿಂದ ಮನಸಿನಾಗ ಓದ. ಎಷ್ಟ ಸಲ ಬೇಕಾದ್ರ ನಿಲ್ಲು."

"ನಾ ಓದಾಕತ್ತೇನೋ, ಮಕ್ಕೊಂಡೇನೋ, ನಿನಗ ಹ್ಯಾಂಗ ಗೊತ್ತಾಗಬೇಕು?"

"ಗೊತ್ತಾಗೂದು ಬ್ಯಾಡ," ಎಂದಳು ತಾರವ್ವ.

ಮರುದಿನ ಕರೆಂಟು ಹೋದಾಗ ಬಾಗಿಲನ್ನು ತಾರವ್ವನೇ ಎಳೆದು ಮುಚ್ಚಿದಳು. ಒಳಗೆ ಸದ್ದಿಲ್ಲ. ಅರ್ಧ ತಾಸಾದರೂ ಸದ್ದಿಲ್ಲ. ನಿದ್ದೆ ಹೋದಳೇ? ಮತ್ತೆ ಕಿಟಕಿಯಾಚೆ ನೋಡುತ್ತ ಕೂತಳೇ? ತಾರವ್ವ ಎದ್ದು ಬಾಗಿಲ ತನಕ ಹೋದಳು, ಕೈ ಎತ್ತಿದಳು, ತಿರುಗಿ ಬಂದು ಕೂತಳು. ಇನ್ನೊಮ್ಮೆ ಎದ್ದಳು, ಇನ್ನೊಮ್ಮೆ ಕೂತಳು. ಮಗ್ಗದ ಮುಂದೆ ಹತ್ತು ತಾಸು ನಿಂತರೂ ಅವಳಿಗೆ ಇಷ್ಟು ದಣಿವಾಗಿರಲಿಲ್ಲ.