ಅಕ್ಕನ ಮಂಡಿನೋವು

ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಆರು ತಿಂಗಳಿಂದ ಅಕ್ಕ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸರಸ್ವತಿಪುರಂನ ಮನೋವೈದ್ಯರಿಗೆ ತೋರಿಸೋಣ ಎಂದರೆ ಅಮ್ಮ ರೇಗಿದಳು.

"ಆ ರಸ್ತೇಲಿ ನಮ್ಮ ಚರ್ಚಿನವರು ಓಡಾಡ್ತಾರೆ ಕಣೋ. ಯಾರಾದ್ರೂ ನೋಡ್ಬುಟ್ರೆ? ನಮ್ಮೋರು ಇರೋದೇ ನಾಲ್ಕು ಮನೆ. ಆಮೇಲೆ ಇವಳಿಗೆ ಗಂಡು ಎಲ್ಲಿಂದ ತರ್ಲಿ?"

ಭಾನುವಾರದ ಪೂಜೆಯಲ್ಲಿ ಕಾಯಿಲೆಯವರ ಹೆಸರು ಓದಿ ಎಲ್ಲರೂ ಪ್ರಾರ್ಥಿಸುವುದು ನಮ್ಮಲ್ಲಿ ರೂಢಿ. ಅಮ್ಮ ಚೀಟಿಯಲ್ಲಿ ಅಕ್ಕನ ಹೆಸರು ಬರೆದು, ಮುಂದೆ ಮಂಡಿನೋವು ಎಂದು ಸೇರಿಸಿದಳು. ದೇವರ ಮುಂದೆಯೂ ಸುಳ್ಳು! ಸಂಜೆಗೆ ಚರ್ಚಿನ ಹೆಂಗಸರು ಎಣ್ಣೆ ಶೀಶೆ ಹಿಡಿದು ಮನೆಗೆ ಬಂದರು. ಅಕ್ಕನ ಗಟ್ಟಿಮುಟ್ಟಾದ ಮಂಡಿಗೆ ತಿಕ್ಕಿದ್ದೇ ತಿಕ್ಕಿದ್ದು. ಅವಳ ಕಣ್ಣಲ್ಲಿ ನೀರು ಇಳಿಯಿತು. "ಪಾಪ, ಎಷ್ಟು ನೋಯ್ತಿದೆ ನೋಡಿ," ಎಂದು ಇನ್ನಷ್ಟು ಎಣ್ಣೆ ಸುರಿದರು. ಆ ಶೀಶೆಗಳನ್ನೆಲ್ಲ ಮೋರಿಗೆ ಎಸೆಯಬೇಕು ಅನ್ನಿಸಿತು ನನಗೆ.

ಮುಂದಿನ ವಾರದ ಚೀಟಿಯನ್ನು ಅಕ್ಕನನ್ನು ಕೇಳಿ ನಾನೇ ಬರೆದೆ. ಮಾನಸಿಕ ಕಾಯಿಲೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ. ಪ್ರಾರ್ಥನೆ ಓದುವ ಹಿರಿಯರು ಮೈಕಿನ ಮುಂದೆ ಚೀಟಿ ಬಿಡಿಸಿದರು, ಅಮ್ಮನ ಕಡೆ ನೋಡಿದರು. ಆಮೇಲೆ, "ಮಂಡಿನೋವಿನಿಂದ ನರಳುತ್ತಿರುವ ನಮ್ಮ ಸಹೋದರಿಗಾಗಿ," ಎಂದರು.

"ಪ್ರಭುವೇ, ನಮ್ಮ ಮೊರೆಯನ್ನು ಆಲಿಸಿರಿ," ಎಂದಿತು ಇಡೀ ಚರ್ಚು. ಹಲ್ಲು ಕಚ್ಚಿ ಕೂತಿದ್ದ ನನ್ನ ಬಾಯಿಂದಲೂ ಅಭ್ಯಾಸಬಲದಿಂದ ಅದೇ ಮಾತು ಬಂತು.

ಪಕ್ಕದಲ್ಲಿದ್ದ ಅಕ್ಕ ತಿರುಗಿ ನನ್ನನ್ನೇ ನೋಡಿದಳು.